ಸೀಡರ್ ಕಟಿಗಿ ತಗೋಬೇಕಾ ಬ್ಯಾಡಾ, ತಗೊಂಡ್ರ ಯಾವ್ದು, ಎಲ್ಲಿಗಿ? ನಮ್ಮ ಕಲಬುರಗಿ ಬಿಸಿಲಿಗಿ ತಕ್ಕಂಗ ಒಂದು ಹೋಲಿಕಿ

ಈಗೀಗ ಕಲಬುರಗಿ, ಬೀದರ್ ಕಡಿ ಹೊಸ ಮನಿ ಕಟ್ಟಸೋರು ಇಂಟೀರಿಯರ್‌ನವರ ಬಾಯಾಗ ಸೀಡರ್ ಸೀಡರ್ (ವಾಸನಿ ಬಿಡೋ ಹಗುರ ಕಟಿಗಿ) ಅಂತ ಕೇಳಿ ಬಂದು ಬಡಿಗ್ಯಾರಿಗಿ ಅದನ್ನೇ ಕೇಳ್ಲತ್ತಾರ, ಬಡಿಗ್ಯಾರು "ಅದೇನ್ ಹಚ್ಚೀರಿ, ಸುಮ್ನ ಸಾಗವಾನಿ ಹಾಕಸ್ರಿ" ಅಂತಾರ, ಅಲ್ಲಿಗಿ ಮಾತು ಮುಗೀತದ. ಇಬ್ಬರದೂ ಅರ್ಧ ಅರ್ಧ ಖರೆ. ನನ್ನ ತೀರ್ಮಾನ ಮೊದ್ಲೇ ಹೇಳಿಬಿಡ್ತೀನಿ: ನಮ್ಮ ಕಡಿ ಹವಾಕ್ಕ ಸೀಡರ್ ಅಂದ್ರ ಮನಿ ಒಳಗಿನ ಕಟಿಗಿ, ಅದೂ ಭಾರ ಹೊರದ, ಏಟು ತಿನ್ನದ ಜಾಗಕ್ಕ. ಚೌಕಟ್ಟು, ಹೊಸ್ತಿಲ, ನೆಲಕ್ಕ ತಾಗೋ ಕಂಬ ಇವಕ್ಕೆಲ್ಲ ಸಾಗವಾನಿ, ಬೇವು, ಜಾಲಿನೇ ಬರಾಬರ್. ಇನ್ನ ಅಲ್ಮಾರಿ ಒಳಗಿನ ಹಲಗಿ, ರೇಷ್ಮಿ ಸೀರಿ ಇಡೋ ಸಂದೂಕ, ಸೀಲಿಂಗ್ ಇಂಥವಕ್ಕ ರೊಕ್ಕ ಇದ್ರ ಸೀಡರ್ ಹಾಕಸ್ರಿ, ಸಾಗವಾನಿಗಿಂತ ಛಲೋ ಅಂತನೂ ಹೇಳ್ತೀನಿ.

ಯಾವ ಸೀಡರ್ ಅಂತ ಮೊದ್ಲು ಕೇಳ್ರಿ

ಅಂಗಡಿಗಿ ಹೋಗಿ ಬರೇ ಸೀಡರ್ ಕೊಡ್ರಿ ಅಂದ್ರ ನಾಕೈದು ತರದ ಕಟಿಗಿ ತೋರಸ್ತಾರ, ಅವಕ್ಕ ಒಂದಕ್ಕೊಂದು ನೆಂಟಸ್ತನ ಸುದ್ದಾ ಇರಂಗಿಲ್ಲ. ಹೈದ್ರಾಬಾದ್, ಸೊಲ್ಲಾಪುರದಿಂದ ನಮ್ಮ ಕಡಿ ಬರೋದು ಹೆಚ್ಚಾಗಿ ಎರಡು. ಒಂದು ದೇವದಾರು. ಹಿಮಾಚಲ, ಉತ್ತರಾಖಂಡ, ಕಾಶ್ಮೀರದ ಗುಡ್ಡದಾಗ 1500ರಿಂದ 3000 ಮೀಟರ್ ಎತ್ತರದ ಆಸುಪಾಸು ಬೆಳಿಯೋ ಮರ, ಹಿಮಾಚಲದ ರಾಜ್ಯ ಮರನೂ ಇದೇ, ಸಸ್ಯಶಾಸ್ತ್ರದ ಲೆಕ್ಕದಾಗ ಅಸಲಿ ಸೀಡರ್ ಕುಲದ್ದು. ಶ್ರೀನಗರದ ಜಾಮಿಯಾ ಮಸೀದ್ಯಾಗ 370ರ ಆಸುಪಾಸು ಕಂಬ ನಿಂತಾವಲ್ಲ, ಅವೆಲ್ಲ ದೇವದಾರು, ದಾಲ್ ಸರೋವರದ ಹೌಸ್‌ಬೋಟ್‌ನೂ ಅದರದ್ದೇ. ಆದ್ರ ಸೇಲ್ಸ್‌ನವ್ರು ಕಾಶ್ಮೀರದ ಫೋಟೋ ತೋರಸಿ "ನೂರಾರು ವರ್ಷ ಬಾಳ್ತದ" ಅಂದ್ರ ಒಂದು ನೆನಪಿಡ್ರಿ, ಅಲ್ಲಿ ಥಂಡಿ, ನಮ್ಮಲ್ಲಿ ಮೇ ತಿಂಗಳದಾಗ 43 ಡಿಗ್ರಿ, ಮ್ಯಾಲ ಕರಿ ಮಣ್ಣು, ಒರಲಿ. ಅಲ್ಲಿ ಬಾಳಿದ ಲೆಕ್ಕ ಇಲ್ಲಿಗಿ ಹಂಗೇ ಎತ್ತಿ ತರ್ಲಿಕ್ಕೆ ಬರಂಗಿಲ್ಲ.

ಎರಡನೇದು ವೆಸ್ಟರ್ನ್ ರೆಡ್ ಸೀಡರ್. ಕೆನಡಾದ ಬ್ರಿಟಿಷ್ ಕೊಲಂಬಿಯಾ, ಅಮೆರಿಕಾದ ಪಶ್ಚಿಮ ಕರಾವಳಿ ಕಡಿಯಿಂದ ಕಂಟೇನರ್‌ದಾಗ ಬರ್ತದ. ಇದು ಸೀಡರ್ ಕುಲದ್ದಲ್ಲ, ಥೂಜಾ ಜಾತಿದು, ನಮ್ಮ ಮನಿ ಮುಂದ ಕುಂಡದಾಗ ಹಚ್ತಾರಲ್ಲ ಮೋರ್ ಪಂಖಿ ಗಿಡ, ಅದರ ಬಳಗ. ಬಣ್ಣ ಮಾತ್ರ ಕಣ್ಣಿಗಿ ಹಬ್ಬ, ತಿಳಿ ಗುಲಾಬಿಯಿಂದ ಹಿಡ್ದು ಕಡು ಕಂದು ತನಕ ಒಂದೇ ಹಲಗ್ಯಾಗ ಎಲ್ಲಾ ಇರ್ತಾವ.

ಇನ್ನ ರೆಡ್ ಸೀಡರ್ ಅನ್ನೋ ಹೆಸರಿನ ಮ್ಯಾಲೇ ಮೂರನೇದು ಒಂದು ಬರ್ತದ, ಅದು ಗಂಧಗರಿಗಿ, ಹಿಂದಿಯವರು ತೂನ್ ಅಂತಾರ, ಆಸ್ಟ್ರೇಲಿಯಾದವ್ರು ಇದಕ್ಕೇ ರೆಡ್ ಸೀಡರ್ ಅಂತಾರ. ಪಶ್ಚಿಮ ಘಟ್ಟದಾಗೂ ಅದ, ಈಶಾನ್ಯದಾಗೂ ಅದ, ಮಹಾಗನಿ, ಬೇವು, ಹೆಬ್ಬೇವು ಎಲ್ಲಾ ಒಂದೇ ಕುಟುಂಬದವು. ಕೆಂಪಗ ಇರ್ತದ, ವಾಸನಿನೂ ಅದ, ಹಗುರ ಅದ, ಫರ್ನಿಚರ್‌ಗಿ ಛಲೋ, ರೇಟೂ ಇಂಪೋರ್ಟೆಡ್‌ಕಿಂತ ಕಮ್ಮಿ. ಮಾರೋರು ವೆಸ್ಟರ್ನ್ ರೇಟಿಗಿ ಇದನ್ನ ಕೊಟ್ರ ಮಾತ್ರ ಮೋಸ. ಕೊಡಗಿನ ಬಿಳಿ ದೇವದಾರು ಅಂತ ಇನ್ನೊಂದದ, ನಮ್ಮ ಕಡಿ ಬರೋದು ಅಪರೂಪ, ಬಿಡ್ರಿ. ಪೆನ್ಸಿಲ್ ಮಾಡ್ತಿದ್ದ ಅಮೆರಿಕದ ಈಸ್ಟರ್ನ್ ರೆಡ್ ಸೀಡರ್ ಹಲಗಿ ರೂಪದಾಗ ಇಲ್ಲಿ ಸಿಗೋದಂತೂ ದೂರದ ಮಾತು, ಆನ್‌ಲೈನ್‌ದಾಗ ಸಣ್ಣ ಉಂಡಿ, ಪಟ್ಟಿ ಮಾರ್ತಾರ ಅಷ್ಟೇ.

ಬಿಸಿಲು, ಮಳಿ, ಕಟಿಗಿ ಕುಗ್ಗೋ ಲೆಕ್ಕ

ನಮ್ಮ ಕಲಬುರಗಿ, ಬೀದರ್ ಕಡಿ ಕಟಿಗಿಗಿ ದೊಡ್ಡ ವೈರಿ ಅಂದ್ರ ಬರೇ ಬಿಸಿಲಲ್ಲ, ಬಿಸಿಲಿಂದ ಮಳಿಗಿ ಹಾರೋ ಆ ಜಿಗಿತ. ಏಪ್ರಿಲ್-ಮೇದಾಗ ಗಾಳಿ ಎಷ್ಟು ಒಣಗಿರ್ತದ ಅಂದ್ರ ಕಟಿಗಿ ಒಳಗಿನ ತೇವ ಶೇಕಡಾ 4-5ಕ್ಕ ಇಳೀತದ, ಆಗಸ್ಟ್‌ದಾಗ ಅದೇ ಕಟಿಗಿ 13-14ಕ್ಕ ಏರ್ತದ. ಫ್ಯಾನು, ಕೂಲರು ಇರೋ ಮನಿ ಒಳಗ ಫರಕ್ ಜರಾ ಕಮ್ಮಿ, ಆದ್ರೂ ಅದ. ಲೆಕ್ಕ ಹಾಕಿ ನೋಡ್ರಿ: 12 ಇಂಚು ಅಗಲದ ವೆಸ್ಟರ್ನ್ ರೆಡ್ ಹಲಗಿ ಹಸಿಯಿಂದ ಪುರಾ ಒಣಗೋ ತನಕ ಅಗಲದಾಗ ಶೇಕಡಾ 5ರಷ್ಟು ಕುಗ್ಗತದ, ಅಂದ್ರ ನಮ್ಮ ಬ್ಯಾಸಗಿ-ಮಳಿಗಾಲದ ಜಿಗಿತಕ್ಕ 4-5 ಮಿಲಿಮೀಟರ್ ಹಿಂದ ಮುಂದ ಆಗ್ತದ. ಕೇಳಿದ್ರ ಜಾಸ್ತಿ ಅನಸ್ತದ, ಆದ್ರ ಸಾಗವಾನಿದೂ ಶೇಕಡಾ 5.3, ಹತ್ತತ್ರ ಅದೇ. ಅಂದ್ರ ಕುಗ್ಗೋ ಹಿಗ್ಗೋ ವಿಷಯದಾಗ ವೆಸ್ಟರ್ನ್ ರೆಡ್ ನಮ್ಮ ಸಾಗವಾನಿಗಿ ಸಮ, ಇದೇ ಅದರ ದೊಡ್ಡ ಗುಣ, ಮತ್ತ ಇದನ್ನ ಯಾವ ಬಡಿಗ್ಯಾರೂ ಒಪ್ಪಂಗಿಲ್ಲ, ಹಗುರ ಕಟಿಗಿ ಅಂದ್ರ ಡೊಂಕು ಬೀಳೋದೇ ಅಂತ ಅವರ ತಲ್ಯಾಗ ಕೂತುಬಿಟ್ಟದ. ದೇವದಾರು ಇದಕ್ಕಿಂತ ಸ್ವಲ್ಪ ಜಾಸ್ತಿ ಆಡ್ತದ. ಗಂಧಗರಿಗಿ ಬರಾಬರ್ ಒಣಗಿಸಿಲ್ಲ ಅಂದ್ರ ಡೊಂಕಾಗ್ತದ, ಅದಕ್ಕ ಹಸಿ ಮಾಲು ಎಷ್ಟೇ ಸೋವಿ ಕೊಟ್ರೂ ಬ್ಯಾಡ.

ಹಲಗಿ ತುದಿ ನೋಡ್ರಿ, ವರ್ಷದ ಗೆರಿ ನೆಟ್ಟಗ ನಿಂತಿದ್ರ ಅದು ಅರ್ಧದಷ್ಟೇ ಕುಗ್ಗತದ, ಗೆರಿ ಅಡ್ಡ ಮಲಗಿದ್ರ ಪುರಾ. ಅಗಲ ಹಲಗಿ ಬೇಕಿದ್ರ ನಿಂತ ಗೆರಿದು ಆರಿಸ್ಕೋರಿ.

ತೂಕ, ಗಟ್ಟಿತನ

ಇಲ್ಲಿ ಸೀಡರ್ ಸೋಲ್ತದ. ಒಣಗಿದ ಮಾಲು ಒಂದು ಸಿಎಫ್‌ಟಿ, ಅಂದ್ರ ಒಂದು ಘನ ಅಡಿ, ವೆಸ್ಟರ್ನ್ ರೆಡ್ ಹತ್ತೂವರಿ ಕಿಲೋ ಆಸುಪಾಸು ತೂಗ್ತದ, ದೇವದಾರು 16, ಸಾಗವಾನಿ 18ರ ಮ್ಯಾಲ, ಬೇವು, ಜಾಲಿ ಇಪ್ಪತ್ತು ದಾಟ್ತಾವ. ವೆಸ್ಟರ್ನ್ ರೆಡ್ ಮ್ಯಾಲ ಉಗುರು ಒತ್ತಿದ್ರ ಗುರ್ತು ಬೀಳ್ತದ, ಗಟ್ಟಿತನ ಅಳಿಯೋ ಜಾಂಕಾ ಲೆಕ್ಕದಾಗ ಅದು 350, ಸಾಗವಾನಿ ಸಾವಿರದ ಮ್ಯಾಲ, ಮೂರು ಪಟ್ಟು ಫರಕ್. ಸಣ್ಣ ಹುಡುಗ್ರು ಇರೋ ಮನ್ಯಾಗ ಡೈನಿಂಗ್ ಟೇಬಲ್ ಇದರದ್ದು ಮಾಡಸಿದ್ರ ಒಂದು ತಿಂಗಳದಾಗ ಅದರ ಮ್ಯಾಲ ಪುರಾ ನಕ್ಷಿ ಬಿದ್ದಿರ್ತದ. ಸ್ಕ್ರೂ ಹಿಡಿಯೋ ತಾಕತ್ತೂ ಕಮ್ಮಿ, ಭಾರದ ಬಾಗಲಕ್ಕ ಹಿಂಜ್ ಹಾಕಿದ್ರ ದಿನಾ ತೆಗದು ಮುಚ್ಚಿ ಸ್ಕ್ರೂ ಸಡಿಲಾಗ್ತದ. ದೇವದಾರು ಮಧ್ಯಮ, ಸಾಗವಾನಿಗಿಂತ ಮೆತ್ತಗ ಇದ್ರೂ ಕುರ್ಚಿ ಬಿಟ್ಟು ಉಳಿದ ಫರ್ನಿಚರ್‌ಗಿ ನಡೀತದ.

ಒರಲಿ, ಹುಳ

ಸೀಡರ್‌ಗಿ ಒರಲಿ ಹತ್ತಂಗಿಲ್ಲ ಅಂತ ಎಲ್ಲಾರೂ ಹೇಳ್ತಾರ, ಅದರಾಗ ಒಂದು ಷರತ್ತು ನುಂಗಿಬಿಡ್ತಾರ. ಹತ್ತಂಗಿಲ್ಲ ಅನ್ನೋದು ಕೆಚ್ಚಿಗಿ, ಅಂದ್ರ ಒಳಗಿನ ಕಂದು ಭಾಗಕ್ಕ. ಹೊರಗಿನ ಬಿಳಿ ಪದರಕ್ಕ ಎಣ್ಣಿನೂ ಇಲ್ಲ, ವಾಸನಿನೂ ಇಲ್ಲ, ಅದು ಹುಳಕ್ಕ ಊಟನೇ. ನಮ್ಮ ದೇಶದಾಗ ಕಟಿಗಿ ಬಾಳಿಕಿ ಅಳಿಯೋದು ಹಿಂಗ: ತುಂಡುಗಳನ್ನ ನೆಲದಾಗ ಹೂತಿಟ್ಟು ಎಷ್ಟು ತಿಂಗಳು ತಡೀತದ ಅಂತ ನೋಡ್ತಾರ, ಸರಾಸರಿ 120 ತಿಂಗಳು ದಾಟಿದ್ದು ಮೊದ್ಲನೇ ದರ್ಜಿ, 60ರಿಂದ 120 ಎರಡನೇದು, ಅದಕ್ಕೂ ಕೆಳಗ ಮೂರನೇದು. ದೇವದಾರು ಕೆಚ್ಚು ಸಾಗವಾನಿ ಜೋಡಿ ಮೊದ್ಲನೇ ದರ್ಜ್ಯಾಗ ಬರ್ತದ, ಹಿಂದಕ ರೈಲ್ವೆ ಸ್ಲೀಪರ್‌ಗಿ ಅದನ್ನ ಹಾಕ್ತಿದ್ದದ್ದು ಸುಮ್ನಲ್ಲ. ಗಂಧಗರಿಗಿ ಅದಕ್ಕಿಂತ ಕೆಳಗ, ಅದರ ಬಿಳಿ ಪದರಕ್ಕ ಹಿಟ್ಟು ಉದುರಸೋ ಹುಳ ಬಲು ಬೇಗ ಬೀಳ್ತದ.

ಆದ್ರ ಈಗ ಮಾರ್ಕೆಟ್‌ದಾಗ ಬರೋ ಮಾಲ್ನಾಗ ಬಿಳಿ ಪದರ ಒಂದಂಚಿಗಿ ಇದ್ದೇ ಇರ್ತದ, ಪುರಾ ಕೆಚ್ಚೇ ಬೇಕು ಅಂದ್ರ ರೇಟ್ ಬ್ಯಾರೆ, ವೇಸ್ಟೇಜ್ ಬ್ಯಾರೆ. ಆರ್ಡರ್ ಕೊಡೋ ಮುಂಚೆ ಇದನ್ನ ಮಾತಾಡ್ಕೋರಿ. ನಮ್ಮ ಕರಿ ಮಣ್ಣಿನ ಜಾಗದಾಗ ಬುನಾದಿಗಿ ಒರಲಿ ಔಷಧ ಹೊಡಿಸಿಲ್ಲ ಅಂದ್ರ ಯಾವ ಕಟಿಗಿ ಹಾಕಿದ್ರೂ ಕಾವಲು ಕಾಯೋದೇ.

ಚೌಕಟ್ಟು, ಬಾಗಲ, ಕಿಡಕಿ

ಇಲ್ಲಿ ಜಾಸ್ತಿ ಮಾತು ಬ್ಯಾಡ. ಹೊರಗಿನ ಚೌಕಟ್ಟಿಗಿ ಸಾಗವಾನಿ ಕೈಗೆಟಕಿದ್ರ ಸಾಗವಾನಿ, ಇಲ್ಲಂದ್ರ ಹೊಲದ ಬದುವಿನ ಹಳೇ ಬೇವು ಕೊಯ್ಸಿ ಒಣಗಿಸಿದ್ದು. ಬೇವಿನ ಎಳಿ ಹೆಣಕೊಂಡಿರ್ತದ, ರಂದಾ ಹೊಡಿಯೋ ಹೊತ್ನ್ಯಾಗ ಬಡಿಗ್ಯಾರು ಬೈಕೋತಾರ, ಆದ್ರ ಹುಳದ ಚಿಂತಿ ಕಮ್ಮಿ ಮತ್ತ ಭಾರ ತಡೀತದ. ಜಾಲಿ ಬಂಡಿ ಗಾಲಿಗಿ, ಕುಂಟಿಗಿ, ಕೂರಗಿಗಿ ಹಾಕಿದ ಕಟಿಗಿ, ಹೊಸ್ತಿಲಕ್ಕ ಅದಕ್ಕಿಂತ ಗಟ್ಟಿ ಏನ್ ಬೇಕು. ದೇವದಾರು ಚೌಕಟ್ಟು ಹಾಕಬಾರ್ದು ಅಂತಲ್ಲ, ಪುರಾ ಕೆಚ್ಚು ಸಿಕ್ರ ನಡೀತದ, ಆದ್ರ ಆ ರೊಕ್ಕಕ್ಕ ಸಾಗವಾನಿನೇ ಬರ್ತದ, ಮತ್ಯಾಕ? ವೆಸ್ಟರ್ನ್ ರೆಡ್ ಚೌಕಟ್ಟಿಗಂತೂ ಬ್ಯಾಡೇ ಬ್ಯಾಡ. ಒಳಗಿನ ರೂಮಿನ ಬಾಗಲಕ್ಕ ಸುತ್ತ ಸಾಗವಾನಿ ಪಟ್ಟಿ, ನಡುವಿನ ಹಲಗಿ (ದಿಲ್ಹಾ) ದೇವದಾರು ಹಾಕಸಿದ್ರ ಬಾಗಲ ಹಗುರನೂ ಆಗ್ತದ, ನೋಡ್ಲಿಕ್ಕೂ ಛಂದ.

ಸಂದೂಕ, ಅಲ್ಮಾರಿ

ಸೀಡರ್ ತನ್ನ ಖರೆ ಬೆಲಿ ತೋರಸೋದು ಇಲ್ಲಿ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಸಂದೂಕ ತಗೋರಿ, ಆರೂ ಮಗ್ಗಲ ಸೇರಿ 40 ಚದರ ಅಡಿ ಹಲಗಿ ಬೇಕು, ಮುಕ್ಕಾಲು ಇಂಚು ದಪ್ಪ ಅಂದ್ರ ಎರಡೂವರಿ ಸಿಎಫ್‌ಟಿ, ವೇಸ್ಟೇಜ್ ಹಿಡ್ದು ಮೂರು. ತಯಾರಾದ ಮ್ಯಾಲ ವೆಸ್ಟರ್ನ್ ರೆಡ್‌ದು 26 ಕಿಲೋ ಬರ್ತದ, ದೇವದಾರುದು 40, ಸಾಗವಾನಿದು 46. ಒಬ್ಬರೇ ಎತ್ತಿ ಮಾಳಿಗಿ ಮ್ಯಾಲ ಇಡೋದು, ದೀಪಾವಳಿಗಿ ಸುಣ್ಣ ಬಣ್ಣ ಮಾಡೋ ಮುಂದ ಸರಸೋದು ಎಲ್ಲಾ ಲೆಕ್ಕ ಹಾಕಿದ್ರ ಈ 20 ಕಿಲೋ ಫರಕ್ ಸಣ್ಣದಲ್ಲ. ಆದ್ರ ಪೂರಾ ವೆಸ್ಟರ್ನ್ ರೆಡ್‌ದೇ ಮಾಡಸಿದ್ರ ಮೂಲಿ ಎಲ್ಲಾ ಜಜ್ಜತಾವ, ಹಂಗಾಗಿ ನನ್ನ ಆಯ್ಕೆ ಏನಂದ್ರ ಮೈ ದೇವದಾರು, ಅಥವಾ ಹೊರಗ ಸಾಗವಾನಿ-ಗಂಧಗರಿಗಿ ಹಾಕಸಿ ಒಳಗ ಅರ್ಧ ಇಂಚಿಗಿಂತ ತೆಳು ಸೀಡರ್ ಪಟ್ಟಿ ಕೂಡಸೋದು. ರೊಕ್ಕನೂ ಉಳೀತದ.

ಪಟ್ಟಿ ಕೂಡಸೋದ್ರಾಗ ಬಡಿಗ್ಯಾರು ಎರಡು ತಪ್ಪು ಮಾಡ್ತಾರ. ಒಂದು, ಹಿಂದ ಪುರಾ ಫೆವಿಕಾಲ್ ಬಳದು ಒತ್ತಿಬಿಡ್ತಾರ, ಮುಂದಿನ ಬ್ಯಾಸಗಿಗಿ ಪಟ್ಟಿ ಕುಗ್ಗಲಿಕ್ಕೆ ಜಾಗ ಸಿಗದ ನಡುವ ಸೀಳ್ತದ. ಟಂಗ್ ಅಂಡ್ ಗ್ರೂವ್ (ಒಂದಂಚಿಗಿ ನಾಲಿಗಿ, ಇನ್ನೊಂದಂಚಿಗಿ ಅದು ಕೂಡೋ ಕಾಲುವಿ) ತೆಗದು ಒಂದಂಚಿಗಿ ಮಾತ್ರ ಹಿತ್ತಾಳಿ ಮೊಳಿ ಹೊಡೀರಿ, ಇನ್ನೊಂದಂಚು ಗ್ರೂವ್ ಒಳಗ ಆಡ್ಲಿ. ಎರಡನೇದು, ಒಳಗೂ ಪಾಲಿಶ್ ಹೊಡದು ಥಳಥಳ ಮಾಡಿ ಕೊಡ್ತಾರ. ಅಲ್ಲಿಗಿ ವಾಸನಿ ಬಂದ್, ಸೀಡರ್ ಹಾಕಸಿದ್ದು ದಂಡ. ಒಳಮೈಗಿ ಏನೂ ಹಚ್ಚದ ಹಂಗೇ ಬಿಡ್ಬೇಕು, ವರ್ಷಕ್ಕೊಮ್ಮಿ 120 ನಂಬರ್ ಪಾಲಿಶ್ ಪೇಪರ್ ಹಗುರಕ ಎಳದ್ರ ಹೊಸಾ ಮೈ ತೆರದು ಮತ್ತ ವಾಸನಿ ಬಿಡ್ತದ.

ವಾಸನಿ ಎಷ್ಟು ಕೆಲ್ಸ ಮಾಡ್ತದ ಅನ್ನೋದು ನೆಟ್ಟಗ ಹೇಳ್ಬೇಕು. ಬಟ್ಟಿ ತಿನ್ನೋ ನುಸಿ ಚಿಟ್ಟಿಯ ಸಣ್ಣ ಮರಿಗಳಿಗಿ ಸೀಡರ್ ಎಣ್ಣಿ ಆಗಿ ಬರಂಗಿಲ್ಲ, ಆದ್ರ ಬೆಳದ ಮರಿ, ತತ್ತಿ, ದೊಡ್ಡ ಚಿಟ್ಟಿ ಇವು ಹೆಚ್ಚುಕಮ್ಮಿ ತಡ್ಕೋತಾವ, ಮುಚ್ಚಳ ಬಿಗಿ ಇರದಿದ್ರ ಅದೂ ಇಲ್ಲ. ಆ ಚಿಟ್ಟಿ ಹಿಡಿಯೋದು ರೇಷ್ಮಿ, ಉಣ್ಣಿ. ಅಂದ್ರ ರೇಷ್ಮಿ ಸೀರಿ, ಕಂಬಳಿ, ಶಾಲು ಇದ್ದೋರಿಗಿ ಸೀಡರ್ ಉಪಯೋಗ, ಹಳಿ ಅರಿವಿ ಹೊಲಿದ ಕೌದಿ ಇಡ್ಲಿಕ್ಕೆ ಸಾದಾ ಟ್ರಂಕ್ ಸಾಕು, ಹತ್ತಿ ಬಟ್ಟಿಗಿ ಆ ಚಿಟ್ಟಿ ಬರಂಗಿಲ್ಲ. ಜಿರಳಿ, ಇಲಿಗಂತೂ ಈ ವಾಸನಿ ಲೆಕ್ಕಕ್ಕೇ ಇಲ್ಲ. ಇನ್ನೊಂದು, ದೇವದಾರು ಗಂಟಿನ ಹತ್ರ ಅಂಟಂಟು ಎಣ್ಣಿ ಜಿನುಗ್ತದ, ಜರಿ ಸೀರಿ ನೇರ ತಾಗಿಸಿ ಇಡಬ್ಯಾಡ್ರಿ, ತೊಳದ ಬಿಳಿ ಕಾಟನ್ ಬಟ್ಟಿ ಹಾಸಿ ಮ್ಯಾಲ ಇಡ್ರಿ.

ಸೀಲಿಂಗ್, ಗೋಡಿ

ಹಳೇ ಮಾಳಿಗಿ ಮನ್ಯಾಗ ತೊಲಿ, ಜಂತಿ ಮ್ಯಾಲ ಮಣ್ಣು ಇರ್ತಿತ್ತು, ಬ್ಯಾಸಗ್ಯಾಗ ಥಂಡಗ ಇರ್ತಿತ್ತು, ಈಗಿನ ಆರ್‌ಸಿಸಿ ಸ್ಲ್ಯಾಬ್ ಕೆಳಗ ರಾತ್ರಿ ಹನ್ನೊಂದಕ್ಕೂ ಕಾವು ಹೊಡೀತದ. ವೆಸ್ಟರ್ನ್ ರೆಡ್ ಹಗುರ ಇರೋದ್ರಿಂದ ಅದರ ಒಳಗ ಗಾಳಿ ಜಾಸ್ತಿ, ಕಾವು ದಾಟೋದು ಕಮ್ಮಿ, ಸೀಲಿಂಗ್‌ಗಿ ಅದಕ್ಕಿಂತ ಒಳ್ಳೆ ಕಟಿಗಿ ನನಗ ಗೊತ್ತಿಲ್ಲ. ಆದ್ರ ಬರೇ ಅರ್ಧ ಇಂಚು ಪಟ್ಟಿಯಿಂದ ರೂಮ್ ಥಂಡ ಆಗ್ತದ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ, ಸ್ಲ್ಯಾಬ್‌ಗೂ ಪಟ್ಟಿಗೂ ನಡುವ ಎರಡು ಇಂಚು ಖಾಲಿ ಜಾಗ ಬಿಟ್ಟು ಗಾಳಿ ಆಡೋ ಹಂಗ ಮಾಡಿದ್ರ ಸ್ವಲ್ಪ ಫರಕ್ ಗೊತ್ತಾಗ್ತದ, ಛತ್ತಿನ ಮ್ಯಾಲ ಬಿಳಿ ಬಣ್ಣ ಬಳದ್ರ ಅದಕ್ಕಿಂತ ಜಾಸ್ತಿ.

ಹೊರಗಿನ ಗೋಡಿಗಿ ಹಚ್ಚೋದಾದ್ರ ಉತ್ತರಕ್ಕೋ ಪೋರ್ಟಿಕೋ ನೆರಳಿಗೋ ಹಚ್ಚಸ್ರಿ. ಪಡುವಣ ಗೋಡಿಗಿ ಹಚ್ಚಸಿದ್ರ ಮಧ್ಯಾಹ್ನದ ಬಿಸಿಲಿಗಿ ಕೆಲವೇ ತಿಂಗಳದಾಗ ಕೆಂಪು ಬಣ್ಣ ಹೋಗಿ ಬೂದಿ ಬಣ್ಣಕ್ಕ ತಿರಗ್ತದ. ಕಟಿಗಿ ಕೆಡಂಗಿಲ್ಲ, ಆದ್ರ ಬಣ್ಣ ನೋಡಿ ರೊಕ್ಕ ಕೊಟ್ಟೋರಿಗಿ ಹೊಟ್ಟಿ ಉರೀತದ. ಬಣ್ಣ ಸೇರಿದ ಎಣ್ಣಿ ವರ್ಷ ವರ್ಷ ಹಚ್ಚೋ ತಾಳ್ಮಿ ಇದ್ರ ಮಾತ್ರ ಆ ಕಡಿ ಹೋಗ್ರಿ.

ಅಂಗಳದ ಪರ್ಗೋಲಾಕ್ಕ (ಕಂಬದ ಮ್ಯಾಲ ಪಟ್ಟಿ ಕೂಡಸಿದ ಖುಲ್ಲಾ ಚಪ್ಪರ) ಮ್ಯಾಲಿನ ಪಟ್ಟಿ ಸೀಡರ್ ಆಗ್ಬಹುದು, ಕಂಬ ಬ್ಯಾಡ. ಕಂಬ ಯಾವ ಕಟಿಗಿದೇ ಇರ್ಲಿ, ಮಣ್ಣಿನಾಗ ಹೂಳದೇ, ಒಂದು ದಪ್ಪ ಶಹಾಬಾದ್ ಫರ್ಸಿ ಮ್ಯಾಲ ಕಬ್ಬಿಣದ ಬೂಟು ಹಾಕಿ ನಿಲ್ಲಸ್ರಿ, ಮಳಿ ನೀರು ಬುಡಕ್ಕ ನಿಲ್ಲಬಾರ್ದು. ಫರ್ಸಿ ನಮ್ಮೂರಾಗ ಸಿಗೋದೇ ಸೋವಿ, ಅದರಾಗ ಕಂಜೂಸಿ ಯಾಕ.

ದೇವರ ಮಂಟಪಕ್ಕ ದೇವದಾರು ಒಪ್ತದ, ಹೆಸರೂ ಒಪ್ತದ. ಸಣ್ಣ ಕೆತ್ತನಿಗಿ ಉಳಿ ಛಲೋ ಓಡ್ತದ, ಆದ್ರ ತೀರಾ ಸಣ್ಣ ಹೂವಿನ ಎಸಳು ಕಡಿಯೋ ಕೆಲ್ಸಕ್ಕ ಸಾಗವಾನಿ, ಶಿವನಿ ಇನ್ನೂ ಛಲೋ. ದೀಪ ಇಡೋ ಜಾಗಕ್ಕ ಹಿತ್ತಾಳಿ ತಗಡು ಹೊಡಸ್ರಿ, ದೇವದಾರು ಎಣ್ಣಿ ಕಟಿಗಿ, ಬೆಂಕಿ ಬಲು ಬೇಗ ಹಿಡೀತದ.

ಇಡಬಾರದ ಜಾಗ

ಅಡುಗಿ ಮನ್ಯಾಗ ಕಾಳು ಕಡಿ ಇಡೋ ಡಬ್ಬಿ, ಕಪಾಟಿನ ಒಳಮೈ ಇವಕ್ಕ ಸೀಡರ್ ಹಾಕಸಬ್ಯಾಡ್ರಿ. ತೊಗರಿಬ್ಯಾಳಿ, ಜೋಳದ ಹಿಟ್ಟು ವಾಸನಿ ಜಗ್ಗಿಕೋತಾವ, ರೊಟ್ಟ್ಯಾಗ ಪೆನ್ಸಿಲ್ ಕೆತ್ತಿದ ವಾಸನಿ ಬಂದ್ರ ಯಾರ್ ಉಣ್ತಾರ. ಕಾಳಿಗಿ ಬೇವಿನ ಎಲಿನೇ ಸಾಕು.

ಬೀದರಿನವ್ರಿಗಿ ಒಂದು ಖಾಸ್ ಮಾತು. ಬಿದರಿ ಸಾಮಾನು ಶೋಕೇಸ್‌ದಾಗ ಇಡೋರು ಆ ಶೋಕೇಸ್ ಸೀಡರ್‌ದು ಮಾಡಸಬ್ಯಾಡ್ರಿ, ಅದರಾಗೂ ವೆಸ್ಟರ್ನ್ ರೆಡ್ ಬ್ಯಾಡ. ಬಿದರಿ ಅಂದ್ರ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ, ಮ್ಯಾಲ ಬೆಳ್ಳಿ, ಬೀದರ್ ಕೋಟಿಯ ಮಣ್ಣಿಂದ ಮೂಡಿಸಿದ ಆ ಕಪ್ಪು. ವೆಸ್ಟರ್ನ್ ರೆಡ್ ಸೀಡರ್ ಮುಚ್ಚಿದ ಜಾಗದಾಗ ಹುಳಿ ಹಬಿ ಬಿಡ್ತದ, ಅಸಿಟಿಕ್ ಆ್ಯಸಿಡ್, ಅಂದ್ರ ವಿನೆಗರ್‌ನಾಗ ಇರೋದೇ. ಸತುಗಿ ಅದು ಆಗದು. ಗಾಜು ಬಿಗಿ ಮುಚ್ಚಿದಷ್ಟೂ ಹಬಿ ಒಳಗೇ ಕೂಡ್ತದ, ವರ್ಷಗಟ್ಟಲೆ ಹಂಗೇ ಇಟ್ರ ಬಿಳಿ ಪುಡಿ ಕಟ್ಟೋ ಸಾಧ್ಯತಾ ಅದ. ಕಬ್ಬಿಣ ಗಾಜಿನ ಶೋಕೇಸೇ ಬೆಸ್ಟ್, ಕಟಿಗಿದೇ ಬೇಕು ಅಂದ್ರ ಚೆಂದಾಗಿ ಒಣಗಿದ ಸಾಗವಾನಿ ಮಾಡಸಿ ಗಾಳಿ ಆಡ್ಲಿಕ್ಕೆ ಹಿಂದ ಸಂದು ಬಿಡ್ರಿ.

ಕೆಲ್ಸ ಮಾಡೋ ಕೈಗಿ

ವೆಸ್ಟರ್ನ್ ರೆಡ್‌ಗಿ ಮೊಂಡ ಉಳಿ, ಮೊಂಡ ರಂದಾ ಹಚ್ಚಿದ್ರ ಕಡಿಯಂಗಿಲ್ಲ, ಎಳಿ ಜಜ್ಜಿ ಹಿಸಕ್ತದ. ಮೆತ್ತಗಿನ ಕಟಿಗಿ, ಹೆಂಗಿದ್ರೂ ನಡೀತದ ಅನ್ನೋದು ತಪ್ಪು, ಗಟ್ಟಿ ಕಟಿಗಿಗಿಂತ ಜಾಸ್ತಿ ಹರಿತ ಇದಕ್ಕೇ ಬೇಕು. ತುದಿಗಿ ಸ್ಕ್ರೂ ಹಾಕೋ ಮುಂಚೆ ಡ್ರಿಲ್ ಮಾಡಿಲ್ಲ ಅಂದ್ರ ಸೀಳಿದ್ದೇ. ದೇವದಾರು ಕೊಯ್ಯೋ ಮುಂದ ಬ್ಲೇಡಿಗಿ ಜಿಗಟು ಹತ್ತಿ ಕಾವೇರ್ತದ, ಸೀಮಿಎಣ್ಣಿ ಇಲ್ಲ ಟರ್ಪಂಟೈನ್ ಹಚ್ಚಿ ಒರಸಿ ಮತ್ತ ಕೊಯ್ಲಿಕ್ಕೆ ಹತ್ರಿ. ಗಂಟಿನ ಸುತ್ತ ಎಳಿ ತಿರುಗಿರ್ತದ, ಅಲ್ಲಿ ರಂದಾ ಎಬ್ಬಿಸಿಬಿಡ್ತದ, ತೆಳು ತೆಳು ಹೊಡೀಬೇಕು. ಗಂಧಗರಿಗಿ ಕೊಯ್ಲಿಕ್ಕೆ ಸುಲಭ, ಮೈ ಮಾತ್ರ ಜರಾ ತುಪ್ಪಟ ಏಳ್ತದ.

ಕಬ್ಬಿಣದ ಮೊಳಿ ಸೀಡರ್‌ಗಿ ಹೊಡದ್ರ, ಅದರಾಗೂ ವೆಸ್ಟರ್ನ್ ರೆಡ್‌ಗಿ, ತೇವ ತಾಗಿದ ಕೂಡ್ಲೆ ಮೊಳಿ ಸುತ್ತ ನೀಲಿ ಕಪ್ಪು ಕಲಿ ಇಳೀತದ, ಕಟಿಗಿ ಒಳಗಿನ ಒಗರಿಗೂ ಕಬ್ಬಿಣಕ್ಕೂ ಆಗಿ ಬರಂಗಿಲ್ಲ. ಸ್ಟೇನ್‌ಲೆಸ್ ಇಲ್ಲಾ ಹಿತ್ತಾಳಿ ಮೊಳಿ ತರಸ್ರಿ. ಕಬ್ಬಿಣದ ಅಂಶ ಇರೋ ಬೋರ್‌ವೆಲ್ ನೀರಿಂದ ಒರಸಿದ್ರೂ ಇದೇ ಕಲಿ, ಹಿಂಗಾಗಿ ಒಣ ಬಟ್ಟಿಲೇ ಒರಸ್ರಿ.

ಮತ್ತ ಧೂಳು. ಇದನ್ನ ಬಡಿಗ್ಯಾರು ಹಗುರ ತಗೋತಾರ. ವೆಸ್ಟರ್ನ್ ರೆಡ್ ಧೂಳಿನಾಗ ಪ್ಲಿಕಾಟಿಕ್ ಆ್ಯಸಿಡ್ ಅಂತ ಒಂದದ, ದಿನಾ ಅದರಾಗೇ ಕೆಲ್ಸ ಮಾಡೋರಿಗಿ ದಮ್ಮು ತರ್ತದ ಅನ್ನೋದು ಡಾಕ್ಟರ್‌ಗಳು ಸಾಬೀತು ಮಾಡಿದ ಮಾತು. ಕೆಲವ್ರಿಗಿ ಹಗಲು ಏನೂ ಆಗಂಗಿಲ್ಲ, ರಾತ್ರಿ ಕೆಮ್ಮು ಏಳ್ತದ, ಹಂಗಾಗಿ ಕಟಿಗಿ ಕಾರಣ ಅಂತ ಹೊಳಿಯೋದೇ ಇಲ್ಲ. ಮುಖಕ್ಕ ಟವಲ್ ಸುತ್ತೋದು ಸಾಕಾಗಂಗಿಲ್ಲ, ಎನ್95 ಮಾಸ್ಕ್, ಹೊರಗ ಖುಲ್ಲಾ ಜಾಗದಾಗ ಗಾಳಿಗಿ ಬೆನ್ನು ಮಾಡಿ ಸ್ಯಾಂಡಿಂಗ್. ಮನಿ ಮಾಲಕರು ಮಾಸ್ಕ್ ರೊಕ್ಕ ಕೊಡ್ಲಿ, ಏನ್ ದೊಡ್ಡ ಮಾತಲ್ಲ.

ಪಾಲಿಶ್ ವಿಷಯಕ್ಕ ಬಂದ್ರ ದೇವದಾರು ಕಿರಿಕಿರಿ. ಎಣ್ಣಿ ಜಿನುಗಿ ಮೆಲಮೈನ್, ಪಿಯು ಅನ್ನೋ ಹೊಳಪಿನ ಲೇಪ ಬೇಗ ಒಣಗಂಗಿಲ್ಲ, ಪೇಂಟ್ ಹೊಡದ್ರ ಗಂಟಿದ್ದಲ್ಲಿ ಹಳದಿ ಮಚ್ಚಿ ಮ್ಯಾಲ ಬರ್ತದ. ಮೊದ್ಲು ಚಪಡಾ ಲಾಖ (ಅರಗಿನ ಪಾಲಿಶ್) ಎರಡು ಕೈ ಹೊಡದು, ಗಂಟಿಗಿ ಇನ್ನೊಂದು ಜಾಸ್ತಿ ಹೊಡದು, ಅದು ಒಣಗಿದ ಮ್ಯಾಲ ಉಳಿದದ್ದು. ಗಂಧಗರಿಗಿಗಿ ಇಂಥ ತಕರಾರು ಇಲ್ಲ, ಪಾಲಿಶ್ ಬಲು ಛಂದ ಕುಡೀತದ, ಮಹಾಗನಿ ಅಂತ ಹೇಳಿದ್ರೂ ನಂಬ್ತಾರ.

ಅಂಗಡ್ಯಾಗ ನಿಂತಾಗ

ಮೂಗು, ಕಣ್ಣು, ತಕ್ಕಡಿ ಮೂರೂ ಉಪಯೋಗಿಸ್ರಿ. ಹಲಗಿ ಮೈ ವಾಸನಿ ನೋಡಿದ್ರ ಉಪಯೋಗಿಲ್ಲ, ಬ್ಲೇಡ್ ತಗೊಂಡು ಒಂದಂಚು ಹೊಸದಾಗಿ ಕೆರದು ಮೂಸ್ರಿ. ದೇವದಾರುದು ಘಾಟು ಘಾಟು ಸಿಹಿ ಎಣ್ಣಿ ವಾಸನಿ. ಬರೇ ಟರ್ಪಂಟೈನ್ ವಾಸನಿ ಬಂದ್ರ ಅದು ಪೈನ್, ದೇವದಾರು ಅಂತ ಪೈನ್ ಕೊಡೋದು ಬಲು ಕಡಿ ನಡೀತದ. ಆಮ್ಯಾಲ ಹಲಗಿಯ ಅಡ್ಡ ಕೊಯ್ದ ತುದಿ. ಹರಿತ ಬ್ಲೇಡಿಂದ ಬೆರಳಗಲ ಜಾಗ ನುಣ್ಣಗ ಕೆತ್ತಿ, ಸ್ವಲ್ಪ ಉಗುಳು ಹಚ್ಚಿ, ಮೊಬೈಲ್ ಕ್ಯಾಮೆರಾ ಹತ್ರ ತಂದು ಫೋಟೋ ತಗದು ಝೂಮ್ ಮಾಡ್ರಿ. ಸೂಜಿ ಚುಚ್ಚಿದ್ಹಂಗ ತೂತು ಸಾಲಾಗಿ ಕಂಡ್ರ ಅದು ಗಂಧಗರಿಗಿನೋ ಮಹಾಗನಿನೋ ಇನ್ನೊಂದೋ ಅಗಲ ಎಲಿ ಮರ. ತೂತೇ ಇಲ್ಲ, ಬರೇ ತಿಳಿ-ಕಡು ಗೆರಿ ಅವ ಅಂದ್ರ ದೇವದಾರು, ವೆಸ್ಟರ್ನ್ ರೆಡ್, ಪೈನ್ ಈ ಗುಂಪಿಂದು. ಈ ಒಂದು ಪರೀಕ್ಷಾಕ್ಕ ಮಾರೋರ ಮಾತಿನ ಹತ್ರ ಉತ್ತರ ಇರಂಗಿಲ್ಲ.

ತಕ್ಕಡಿ ಹೆಂಗಂದ್ರ, ಉದ್ದ ಅಡ್ಯಾಗ, ಅಗಲ ಮತ್ತ ದಪ್ಪ ಇಂಚಿನಾಗ ಹಿಡ್ದು ಮೂರೂ ಗುಣಿಸಿ 144ರಿಂದ ಭಾಗಿಸ್ರಿ, ಸಿಎಫ್‌ಟಿ ಬಂತು. 7 ಅಡಿ ಉದ್ದ, 6 ಇಂಚು ಅಗಲ, 1 ಇಂಚು ದಪ್ಪ ಅಂದ್ರ 42 ಭಾಗ 144, ಅಂದ್ರ 0.29. ಆ ಹಲಗಿ ವೆಸ್ಟರ್ನ್ ರೆಡ್ ಆಗಿದ್ರ 3 ಕಿಲೋ ಆಸುಪಾಸು ತೂಗಬೇಕು, ದೇವದಾರು ಆಗಿದ್ರ ನಾಕೂವರಿ. ಆರು ಕಿಲೋ ಬಂತು ಅಂದ್ರ ಒಂದೋ ಬ್ಯಾರೆ ಕಟಿಗಿ, ಇಲ್ಲಾ ನೀರು ಕುಡದ ಹಸಿ ಮಾಲು, ಎರಡೂ ಬ್ಯಾಡ. ತೇವ ನೋಡೋ ಮೀಟರ್ ಈಗ ಸೋವಿ ಸಿಗ್ತಾವ, ನಮ್ಮ ಕಡಿ ಮನಿ ಒಳಗಿನ ಕೆಲ್ಸಕ್ಕ ಶೇಕಡಾ 8ರಿಂದ 10 ತೋರಸೋ ಮಾಲು ಸರಿ. 15ರ ಮ್ಯಾಲ ತೋರಸಿದ್ರ ಬ್ಯಾಸಗಿಗಿ ಸಂದು ಬಿಡೋದು ಗ್ಯಾರಂಟಿ. ಬಿಲ್ಲಿನ ಮ್ಯಾಲ ಸುಮ್ನ ಸೀಡರ್ ಅಂತ ಬರೀಲಿಕ್ಕೆ ಬಿಡಬ್ಯಾಡ್ರಿ, ದೇವದಾರು ಅಂತನೋ ವೆಸ್ಟರ್ನ್ ರೆಡ್ ಅಂತನೋ ಪುರಾ ಹೆಸರು ಬರಸ್ರಿ, ದೇಶದ ಮಾಲಿಗಿ ಸಾಗಣಿ ಪರವಾನಿಗಿ ಅದನಾ ಅಂತನೂ ಕೇಳ್ರಿ.

ಮಾಲು ತಂದ ದಿನವೇ ಬಡಿಗ್ಯಾರನ್ನ ಕರೀಬ್ಯಾಡ್ರಿ. ಯಾವ ರೂಮಿಗಿ ಹಾಕೋದೋ ಅದೇ ರೂಮಿನಾಗ ನೆಲದಿಂದ ಎತ್ತರಿಸಿ, ಹಲಗಿ ಹಲಗಿ ನಡುವ ಒಂದಿಂಚು ಪಟ್ಟಿ ಕೊಟ್ಟು ಅಟ್ಟಿ ಹಾಕಿ ಎರಡು ಮೂರು ವಾರ ಬಿಡ್ರಿ. ಮೇ ತಿಂಗಳದಾಗ ಸೀಲಿಂಗ್, ಗೋಡಿ ಪಟ್ಟಿ ಕೂಡಸೋದಾದ್ರ ಪಟ್ಟಿ ಪಟ್ಟಿ ನಡುವ ದಪ್ಪ ರಟ್ಟಿನಷ್ಟು ಸಂದು ಬಿಡಸ್ರಿ, ಜುಲೈದಾಗ ಹಿಗ್ಗಿ ಕೂಡ್ಕೋತಾವ. ಆಗಸ್ಟ್‌ದಾಗ ಕೂಡಸೋದಾದ್ರ ಬಿಗಿ ಬಿಗಿ ಕೂಡಸ್ರಿ, ಮುಂದಿನ ಬ್ಯಾಸಗಿಗಿ ಹೆಂಗೂ ಸಂದು ತಾನೇ ಬಿಡ್ತದ. ಬಡಿಗ್ಯಾರಿಗಿ ಉಳಿದ ತುಣುಕು, ಪುಡಿ ಚೀಲದಾಗ ತುಂಬಿ ಇಡು ಅಂತ ಮೊದ್ಲೇ ಹೇಳ್ರಿ, ತುಣುಕಿಗಿ ತೂತು ಹೊಡದು ದಾರ ಕಟ್ಟಿ ಸಾದಾ ಅಲ್ಮಾರ್ಯಾಗ ಜೋತು ಬಿಟ್ರೂ ಒಂದೆರಡು ಹಂಗಾಮು ವಾಸನಿ ಬರ್ತದ.